ಸಾಹುಕಾರ್ರು ಕ್ಯಾಮೆರಾ ನೋಡುವಾಗ ಮಾತ್ರ ನಡೆಯುತ್ತಿದ್ದ ಕಾಟಾ

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜು. ಲಾರಿ ತೂಗುವ ಕಾಟಾ ಆಗಾಗ ಕಂಪ್ಯೂಟರಿಗೆ ತೂಕ ಕಳಿಸುವುದನ್ನೇ ನಿಲ್ಲಿಸುತ್ತಿತ್ತು. ಕಾಟಾದ ಡಿಸ್‌ಪ್ಲೇ ಮೇಲೆ ತೂಕ ಸರಿಯಾಗಿಯೇ ಬರುತ್ತದೆ. ಕ್ಯಾಬಿನ್ನಿನ ಕಂಪ್ಯೂಟರಿನಲ್ಲಿ ಮಾತ್ರ ಸಂಪರ್ಕ ಇಲ್ಲ ಅನ್ನುವ ಕೆಂಪು ಪಟ್ಟಿ. ಐದೋ ಹತ್ತೋ ನಿಮಿಷ ಹೀಗೆ, ಆಮೇಲೆ ತಾನಾಗಿಯೇ ಸರಿ. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಮಾರ್ಕೆಟ್ಟು. ಸುಗ್ಗಿಯಲ್ಲಿ ಆ ದಿನ ಕಾಟಾ ಹತ್ತು ನಿಮಿಷ ನಿಂತರೆ ಗೇಟಿನಾಚೆ ಲಾರಿಗಳ ಸಾಲು ರಸ್ತೆಗೆ ಬರುತ್ತದೆ. ಡ್ರೈವರುಗಳು, ಹಮಾಲರು, ಮಾಲು ತಂದ ರೈತರು ಎಲ್ಲರೂ ಕ್ಯಾಬಿನ್ನಿನ ಹುಡುಗನ ಮೇಲೆಯೇ ರೇಗುತ್ತಾರೆ.

ನಾನು ಹುಬ್ಬಳ್ಳಿಯಲ್ಲಿ ನೆಟ್‌ವರ್ಕ್ ಕೆಲಸ ಮಾಡುವವನು. ನನ್ನನ್ನು ಕರೆಯುವ ಹೊತ್ತಿಗೆ ಅಲ್ಲಿ ಕಾಟಾದ ಕಂಪನಿಯವರು ಬಂದು ಸೀರಿಯಲ್ ಕೇಬಲ್ ಬದಲಿಸಿದ್ದರು. ಕಂಪ್ಯೂಟರಿನವರು ವಿಂಡೋಸ್ ಹೊಸದಾಗಿ ಹಾಕಿದ್ದರು. ಎರಡೂ ಉಪಯೋಗಕ್ಕೆ ಬಂದಿರಲಿಲ್ಲ. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಒಳಗೆ ಹೊರಳಿದರೆ ಮೆಣಸಿನಕಾಯಿ ಘಾಟು ಶುರು. ಸೀನುತ್ತಲೇ ಒಳಗೆ ಹೋದೆ.

ಮೊದಲು ಅಲ್ಲಿನ ವ್ಯವಸ್ಥೆ ಹೇಳಿಬಿಡುತ್ತೇನೆ. ಆಫೀಸಿನಲ್ಲಿ ಸಿಸ್ಕೋ ಕ್ಯಾಟಲಿಸ್ಟ್ 3750 ಸರಣಿಯ ಹಳೇ ಸ್ವಿಚ್, ಅಂದರೆ ನೆಟ್‌ವರ್ಕ್ ಕೇಬಲ್ಲುಗಳೆಲ್ಲ ಬಂದು ಸೇರುವ ಪೆಟ್ಟಿಗೆ. ರೂಟಿಂಗ್, ಅಂದರೆ ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ಪ್ಯಾಕೆಟ್ ದಾಟಿಸುವುದೂ ಅದೇ. ಅಲ್ಲಿಂದ ಫೈಬರ್ ಎಳೆದು ಕಾಟಾ ಕ್ಯಾಬಿನ್ನಿನಲ್ಲಿ 2960 ಸರಣಿಯ ಎಂಟು ಪೋರ್ಟಿನ ಗಿಗಾಬಿಟ್ ಸ್ವಿಚ್ ಇಟ್ಟಿದ್ದಾರೆ. ಎರಡು ವಿಲ್ಯಾನ್ ಇವೆ, ಅಂದರೆ ಅವೇ ಸ್ವಿಚ್ಚುಗಳ ಮೇಲೆ ಬೇರೆ ಬೇರೆ ಮಾಡಿಟ್ಟ ಎರಡು ನೆಟ್‌ವರ್ಕು. 10 ಆಫೀಸಿಗೆ, 20 ಕ್ಯಾಮೆರಾಗಳಿಗೆ. ಕ್ಯಾಮೆರಾ ಒಟ್ಟು 28, ಒಂದೊಂದೂ ಸುಮಾರು 4 ಎಂಬಿಪಿಎಸ್ (ಸೆಕೆಂಡಿಗೆ 4 ಮೆಗಾಬಿಟ್) ಕಳಿಸುತ್ತದೆ. ರೆಕಾರ್ಡಿಂಗಿಗೆ ಒಂದು ಲಿನಕ್ಸ್ ಸರ್ವರ್. ಅದಕ್ಕೆ ಎರಡು ನೆಟ್‌ವರ್ಕ್ ಕಾರ್ಡು: ಒಂದು ಆಫೀಸಿನ ಕಡೆ 192.168.10.5, ಇನ್ನೊಂದು ಕ್ಯಾಮೆರಾ ಕಡೆ 192.168.20.5. ಕಾಟಾದ ಇಂಡಿಕೇಟರಿನಿಂದ (ತೂಕ ತೋರಿಸುವ ಡಿಸ್‌ಪ್ಲೇ ಪೆಟ್ಟಿಗೆ) ಬರುವ ಆರ್‌ಎಸ್-232 ಸೀರಿಯಲ್ ವೈರು ಒಂದು ಪುಟ್ಟ ಕನ್ವರ್ಟರಿಗೆ ಹೋಗುತ್ತದೆ. ಕನ್ವರ್ಟರಿನಿಂದ ಈಥರ್‌ನೆಟ್ ಕೇಬಲ್ ಕ್ಯಾಬಿನ್ನಿನ ಸ್ವಿಚ್ಚಿಗೆ. ಈ ಕನ್ವರ್ಟರ್ ಹಳೇದು. 10 ಎಂಬಿಪಿಎಸ್, ಅದೂ ಹಾಫ್ ಡುಪ್ಲೆಕ್ಸ್. ತೂಕದ ನಾಲ್ಕಾರು ಅಂಕಿ ಕಳಿಸೋಕೆ ಅಷ್ಟು ಸಾಕು, ಜಾಸ್ತಿ ಬೇಕಾಗಿಯೂ ಇಲ್ಲ.

ಕ್ಯಾಬಿನ್ನಿನಲ್ಲಿ ಕೂತು ಎರಡು ಪಿಂಗ್ ಬಿಟ್ಟೆ, ಅಂದರೆ ಇದ್ದೀಯಾ ಅಂತ ಕೇಳಿ ಉತ್ತರಕ್ಕೆ ಕಾಯುವ ಸಣ್ಣ ಪ್ಯಾಕೆಟ್ಟುಗಳು. ಒಂದು ಆಫೀಸಿನ ಸ್ವಿಚ್ಚಿಗೆ, ಒಂದು ಕನ್ವರ್ಟರಿಗೆ. ತೊಂದರೆ ಶುರುವಾದಾಗ ಸ್ವಿಚ್ಚಿನ ಪಿಂಗ್ ಒಂದೂ ತಪ್ಪಲಿಲ್ಲ. ಕನ್ವರ್ಟರಿನದು ಮುಕ್ಕಾಲು ಪಾಲು ಹೋಯಿತು. ಅಂದರೆ ಫೈಬರ್ ಸರಿ ಇದೆ, ಸ್ವಿಚ್ ಸರಿ ಇದೆ, ಕಂಪ್ಯೂಟರೂ ಸರಿ ಇದೆ. ಕನ್ವರ್ಟರ್ ಬಗ್ಗಿ ನೋಡಿದರೆ ಅದರ ಲಿಂಕ್ ದೀಪ ಎಡೆಬಿಡದೆ ಮಿನುಗುತ್ತಿತ್ತು. ಕಾಟಾ ಮೇಲೆ ಲಾರಿಯೇ ಇಲ್ಲ. ಯಾರ ಮಾತು ಅದು?

ಕ್ಯಾಬಿನ್ ಸ್ವಿಚ್ಚಿಗೆ ಲಾಗಿನ್ ಆಗಿ ಕನ್ವರ್ಟರ್ ಚುಚ್ಚಿದ ಪೋರ್ಟಿನ ಲೆಕ್ಕ ತೆಗೆದೆ. ಈ ಸ್ವಿಚ್ಚುಗಳು ಸಹಜವಾಗಿ ಐದು ನಿಮಿಷದ ಸರಾಸರಿ ತೋರಿಸುತ್ತವೆ. ಬರುತ್ತಾ ಹೋಗುತ್ತಾ ಇರುವ ತೊಂದರೆಗೆ ಅದು ಪ್ರಯೋಜನವಿಲ್ಲ. ಹಾಗಾಗಿ ಮೊದಲು ಲೋಡ್-ಇಂಟರ್ವಲ್ 30 ಅಂತ ಕೊಟ್ಟು ಅರ್ಧ ನಿಮಿಷಕ್ಕೆ ಇಳಿಸಿದೆ. ಆಮೇಲೆ:

ಶೋ ಇಂಟರ್‌ಫೇಸಸ್ ಗಿಗಾಬಿಟ್‌ಈಥರ್‌ನೆಟ್ 0/5

ಟಿಎಕ್ಸ್‌ಲೋಡ್ 255/255. ಅಂದರೆ ಹೊರಹೋಗುವ ದಾರಿ ಪೂರ್ತಿ ತುಂಬಿದೆ. ಔಟ್‌ಪುಟ್ ಡ್ರಾಪ್ಸ್ ಪ್ರತಿ ಸಲ ನೋಡಿದಾಗಲೂ ಏರುತ್ತಿತ್ತು. ಕನ್ವರ್ಟರಿನ ಕಡೆಯಿಂದ ಒಳಬರುವುದು ಹೆಚ್ಚುಕಡಿಮೆ ಸೊನ್ನೆ. ಹಾಫ್ ಡುಪ್ಲೆಕ್ಸ್ ತಂತಿಯಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಕಾಯಬೇಕು. ಇಬ್ಬರೂ ಒಟ್ಟಿಗೆ ಬಾಯಿ ಬಿಟ್ಟರೆ ಡಿಕ್ಕಿ, ಮತ್ತೆ ಪ್ರಯತ್ನ. ಒಂದೇ ಫ್ರೇಮ್ (ತಂತಿಯ ಮೇಲೆ ಹೋಗುವ ಪ್ಯಾಕೆಟ್) 16 ಸಲ ಡಿಕ್ಕಿ ಹೊಡೆದರೆ ಅದನ್ನು ಎಸೆದುಬಿಡುವುದು ಈಥರ್‌ನೆಟ್ಟಿನ ನಿಯಮ. ಸ್ವಿಚ್ ಪುರುಸೊತ್ತಿಲ್ಲದೆ ಕಳಿಸುತ್ತಿರುವಾಗ ಪಾಪದ ಕನ್ವರ್ಟರಿಗೆ ಸರದಿಯೇ ಸಿಗುತ್ತಿರಲಿಲ್ಲ.

ಕಾಟಾ ನೋಡಿಕೊಳ್ಳುವ ಹುಡುಗ ಅಷ್ಟರಲ್ಲಿ ಒಂದು ಮಾತು ಹೇಳಿದ. "ಸರ, ನಕ್ಕರ ನಗ್ರಿ. ಸಾಹುಕಾರ್ರು ಆಫೀಸಿನ್ಯಾಗ ಕ್ಯಾಮೆರಾ ನೋಡ್ಕೋತ ಕುಂತಾಗ ಕಾಟಾ ಛಲೋ ನಡೀತೈತ್ರಿ. ಅವರು ಊಟಕ್ಕ ಎದ್ದು ಹೋದ್ರ ಹಿಡ್ಕೋತೈತಿ." ಪಕ್ಕದಲ್ಲಿದ್ದ ಮ್ಯಾನೇಜರ್ರು ನಕ್ಕರು. ಸಾಹುಕಾರ್ರ ಕಣ್ಣಿಗೆ ಕಾಟಾನೂ ಹೆದರತೈತಿ ನೋಡ್ರಿ ಅಂದರು. ನಾನು ನಗಲಿಲ್ಲ. ದಿನವಿಡೀ ಯಂತ್ರದ ಎದುರು ಕೂರುವವರು ಹೇಳುವ ಇಂಥ ಮಾತನ್ನು ಕೇಳಿಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಕಾರಣ ಅವರು ಹೇಳಿದಂತೆ ಇರದೇ ಇರಬಹುದು, ಆದರೆ ಗಮನಿಸಿದ್ದು ನಿಜವೇ ಇರುತ್ತದೆ.

ಲ್ಯಾಪ್‌ಟಾಪನ್ನು ಕ್ಯಾಬಿನ್ ಸ್ವಿಚ್ಚಿನ ಖಾಲಿ ಪೋರ್ಟಿಗೆ ಚುಚ್ಚಿ, ಬರುವ ಪ್ಯಾಕೆಟ್ಟುಗಳನ್ನು ತೋರಿಸುವ ವೈರ್‌ಶಾರ್ಕ್ ಹಚ್ಚಿದೆ. ಪೋರ್ಟ್ ಮಿರರಿಂಗ್ (ಬೇರೆ ಪೋರ್ಟಿನದ್ದನ್ನು ನಕಲು ಮಾಡಿ ಕೊಡುವುದು) ಏನೂ ಇಲ್ಲ, ಬರೀ ವಿಲ್ಯಾನ್ 10ರ ಸಾಮಾನ್ಯ ಪೋರ್ಟು. ಅಂಥ ಕಡೆ ನಮಗೆ ಬರುವ ಪ್ಯಾಕೆಟ್, ಎಲ್ಲರಿಗೂ ಹೋಗುವ ಬ್ರಾಡ್‌ಕಾಸ್ಟ್, ಗುಂಪಿಗೆ ಹೋಗುವ ಒಂದಿಷ್ಟು ಮಲ್ಟಿಕಾಸ್ಟ್ ಬಿಟ್ಟು ಬೇರೇನೂ ಕಾಣಬಾರದು. ಆದರೆ ಪರದೆ ತುಂಬಾ 192.168.20 ಸಾಲಿನ ಕ್ಯಾಮೆರಾಗಳಿಂದ 192.168.10.5ಕ್ಕೆ ಹೊರಟ ವಿಡಿಯೋ ಪ್ಯಾಕೆಟ್ಟುಗಳು! 28 ಕ್ಯಾಮೆರಾ, ತಲಾ 4 ಎಂಬಿಪಿಎಸ್. ಒಟ್ಟು 112. ಅಷ್ಟನ್ನೂ 10 ಎಂಬಿಪಿಎಸ್ ಪೋರ್ಟಿನೊಳಗೆ ತುರುಕಲು ನೋಡಿದರೆ ಇನ್ನೇನಾಗುತ್ತದೆ. ಗಿಗಾಬಿಟ್ ಕಂಪ್ಯೂಟರುಗಳಿಗೆ ಇದು ಲೆಕ್ಕಕ್ಕೇ ಇಲ್ಲ. ಅವುಗಳ ನೆಟ್‌ವರ್ಕ್ ಕಾರ್ಡು ತನ್ನದಲ್ಲದ ಪ್ಯಾಕೆಟ್ಟನ್ನು ಸುಮ್ನೆ ಎಸೆಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆಫೀಸಿನ 100 ಎಂಬಿಪಿಎಸ್ ಪ್ರಿಂಟರ್ ಮಧ್ಯೆ ಮಧ್ಯೆ ನಿಧಾನವಾಗುತ್ತದೆ ಅಂತ ಕೇಳಿದ ಮೇಲೆ ಮ್ಯಾನೇಜರ್ರು ಒಪ್ಪಿಕೊಂಡರು. ಅದು ಹಳೇದಾಗಿದೆ, ಅದಕ್ಕೆ ಅಂತ ಅವರು ಬಿಟ್ಟಿದ್ದರಂತೆ.

ಸ್ವಿಚ್ ಹೀಗೆ ಯಾಕೆ ಮಾಡುತ್ತದೆ? ಯಾವ ಮ್ಯಾಕ್ ವಿಳಾಸ (ಪ್ರತಿ ನೆಟ್‌ವರ್ಕ್ ಕಾರ್ಡಿನ ಸ್ವಂತ ಗುರುತು) ಯಾವ ಪೋರ್ಟಿನ ಹಿಂದಿದೆ ಅನ್ನುವುದನ್ನು ಸ್ವಿಚ್ ಒಳಬರುವ ಫ್ರೇಮ್ ನೋಡಿ ಕಲಿಯುತ್ತದೆ. ಯಾರು ಮಾತಾಡುತ್ತಾರೋ ಅವರ ವಿಳಾಸ ಬರೆದುಕೊಳ್ಳುತ್ತದೆ. 300 ಸೆಕೆಂಡ್ ಅವರಿಂದ ಸದ್ದಿಲ್ಲದಿದ್ದರೆ ಅಳಿಸಿಹಾಕುತ್ತದೆ. ಅಳಿಸಿದ ಮೇಲೆ ಆ ವಿಳಾಸಕ್ಕೆ ಏನಾದರೂ ಬಂದರೆ, ಮನೆ ಗೊತ್ತಿಲ್ಲದ ಅಂಚೆಯವನು ಓಣಿಯ ಎಲ್ಲ ಬಾಗಿಲಿಗೂ ಒಂದೊಂದು ಪ್ರತಿ ಹಾಕಿ ಹೋದ ಹಾಗೆ, ಆ ವಿಲ್ಯಾನಿನ ಎಲ್ಲ ಪೋರ್ಟಿಗೂ ಕಳಿಸುತ್ತದೆ. ಬಂದ ಪೋರ್ಟಿಗೆ ಮಾತ್ರ ಇಲ್ಲ. ಇದಕ್ಕೆ ಅನ್‌ನೋನ್ ಯೂನಿಕಾಸ್ಟ್ ಫ್ಲಡಿಂಗ್ ಅನ್ನುತ್ತಾರೆ. ಯೂನಿಕಾಸ್ಟ್ ಅಂದರೆ ಒಬ್ಬರಿಗೇ ಕಳಿಸಿದ್ದು. ಇದು ದೋಷವಲ್ಲ, ಸ್ವಿಚ್ ಇರಬೇಕಾದ್ದೇ ಹೀಗೆ. ಸಾಮಾನ್ಯವಾಗಿ ಒಂದೆರಡು ಪ್ಯಾಕೆಟ್ ಹೀಗೆ ಹೋಗುತ್ತವೆ, ಆ ಕಡೆಯಿಂದ ಉತ್ತರ ಬರುತ್ತದೆ, ವಿಳಾಸ ಮತ್ತೆ ಸಿಗುತ್ತದೆ, ಮುಗಿಯಿತು. ಉತ್ತರ ಬೇರೆ ದಾರಿಯಲ್ಲಿ ಹೋದರೆ ಮಾತ್ರ ಮುಗಿಯುವುದೇ ಇಲ್ಲ.

ಇಲ್ಲಿ ಆಗಿದ್ದು ಅದೇ. ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿದ ಕಾಲದಲ್ಲಿ ಸರ್ವರಿಗೆ ಒಂದೇ ಕಾರ್ಡು, ಆಫೀಸಿನದು. ಅದರ ವಿಳಾಸ 192.168.10.5 (ಚಿಕ್ಕದಾಗಿ 10.5) ಅಂತ ಸೆಟ್ಟಿಂಗಿನಲ್ಲಿ ಕಟ್ಟಿಹಾಕಿದ್ದರು. ಕ್ಯಾಮೆರಾ ಜಾಸ್ತಿಯಾದ ಮೇಲೆ ಯಾರೋ ಎರಡನೇ ಕಾರ್ಡು ಹಾಕಿದರು, ಡೀಫಾಲ್ಟ್ ಗೇಟ್‌ವೇಯನ್ನೂ (ಬೇರೆ ನೆಟ್‌ವರ್ಕಿಗೆ ಹೋಗುವ ಬಾಗಿಲು) ಆ ಕಡೆಗೆ ತಿರುಗಿಸಿದರು, ಸಾಫ್ಟ್‌ವೇರ್ ಮುಟ್ಟಲಿಲ್ಲ. ಈಗ ಸರ್ವರ್ ಕ್ಯಾಮೆರಾ ಜತೆ ಮಾತಾಡುವಾಗ ತನ್ನ ಹೆಸರು 10.5 ಅಂತ ಹೇಳುತ್ತದೆ, ಆದರೆ ಪ್ಯಾಕೆಟ್ ಹೊರಡುವುದು 20ರ ಕಾರ್ಡಿನಿಂದ. ಅದು ನೇರ ದಾರಿಯಲ್ಲವೇ. ಕ್ಯಾಮೆರಾ ಉತ್ತರ ಕಳಿಸುವಾಗ 10.5 ಬೇರೆ ನೆಟ್‌ವರ್ಕ್ ಅಂತ ನೋಡಿ ಗೇಟ್‌ವೇಗೆ ಕೊಡುತ್ತದೆ. ಗೇಟ್‌ವೇ ಅಂದರೆ ನಮ್ಮ 3750. ಅದು ವಿಡಿಯೋವನ್ನು ವಿಲ್ಯಾನ್ 10ಕ್ಕೆ ಇಳಿಸಿ ಸರ್ವರಿನ ಆಫೀಸ್ ಕಾರ್ಡಿಗೆ ಕಳಿಸುತ್ತದೆ. ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು. ಆಫೀಸ್ ಕಾರ್ಡು ಬರೀ ಕೇಳುತ್ತದೆ, ತುಟಿ ಬಿಚ್ಚುವುದಿಲ್ಲ. ಪ್ಯಾಕೆಟ್ ಬಂದ ದಾರಿ ಸರಿಯೇ ಅಂತ ನೋಡುವ ಲಿನಕ್ಸಿನ ಆರ್‌ಪಿ ಫಿಲ್ಟರ್ 1ರಲ್ಲಿ ಇದ್ದಿದ್ದರೆ ಹೀಗೆ ಅಡ್ಡದಾರಿಯಲ್ಲಿ ಬಂದ ಪ್ಯಾಕೆಟ್ಟನ್ನು ಕರ್ನಲ್ಲೇ ಎಸೆಯುತ್ತಿತ್ತು, ಮೊದಲ ದಿನವೇ ರೆಕಾರ್ಡಿಂಗ್ ನಿಂತು ಗುಟ್ಟು ಹೊರಬೀಳುತ್ತಿತ್ತು. ಅಲ್ಲಿ 2 ಇತ್ತು, ಅಂದರೆ ಸಡಿಲ ತಪಾಸಣೆ. ಹಾಗಾಗಿ ಎಲ್ಲವೂ ಸರಿ ಇದೆ ಅಂತಲೇ ಕಾಣುತ್ತಿತ್ತು.

ಇನ್ನೊಂದು ಕೊಂಡಿ ಸಮಯದ್ದು. ಐಪಿ ವಿಳಾಸಕ್ಕೆ ಯಾವ ಮ್ಯಾಕ್ ಅನ್ನುವ ಎಆರ್‌ಪಿ ಪಟ್ಟಿಯನ್ನು ಸಿಸ್ಕೋ ಸಾಧನ ಸಹಜವಾಗಿ 14400 ಸೆಕೆಂಡ್, ಅಂದರೆ 4 ಗಂಟೆ ಇಟ್ಟುಕೊಳ್ಳುತ್ತದೆ. ಮ್ಯಾಕ್ ಯಾವ ಪೋರ್ಟಿನಲ್ಲಿದೆ ಅನ್ನುವ ಪಟ್ಟಿಗೆ ಬರೀ 5 ನಿಮಿಷ. ಹಾಗಾಗಿ ಆರನೇ ನಿಮಿಷದಿಂದ 4 ಗಂಟೆ ಮುಗಿಯುವವರೆಗೂ ಸ್ವಿಚ್ಚಿಗೆ ಯಾರಿಗೆ ಕಳಿಸಬೇಕು ಅನ್ನುವುದು ಗೊತ್ತು, ಅವರು ಎಲ್ಲಿದ್ದಾರೆ ಅನ್ನುವುದು ಗೊತ್ತಿಲ್ಲ.

ಸಾಹುಕಾರ್ರ ಕಥೆಯೂ ಇಲ್ಲಿಗೆ ಬಗೆಹರಿಯಿತು. ಅವರು ಆಫೀಸಿನ ಕಂಪ್ಯೂಟರಿನಲ್ಲಿ ಕ್ಯಾಮೆರಾ ತೆರೆದರೆ ಸರ್ವರ್ ಆಫೀಸ್ ಕಾರ್ಡಿನಿಂದ ಅವರಿಗೆ ಚಿತ್ರ ಕಳಿಸಬೇಕು. ಆಗ ಅದರ ಮ್ಯಾಕ್ ಸ್ವಿಚ್ಚಿಗೆ ಕಾಣುತ್ತದೆ, ಫ್ಲಡಿಂಗ್ ನಿಲ್ಲುತ್ತದೆ, ಕಾಟಾ ಉಸಿರಾಡುತ್ತದೆ. ಅವರು ಎದ್ದು ಹೋಗಿ ಐದು ನಿಮಿಷಕ್ಕೆ ಮತ್ತೆ ಶುರು. ಪರೀಕ್ಷೆಗೆ ಅಂತ ನಾನು 3750ಯಿಂದ 10.5ಕ್ಕೆ ಒಂದು ಪಿಂಗ್ ಕೊಟ್ಟೆ. ವೈರ್‌ಶಾರ್ಕ್ ಪರದೆ ತಟ್ಟನೆ ಖಾಲಿ. ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ತುಂಬಿತ್ತು. ಶೋ ಮ್ಯಾಕ್ ಅಡ್ರೆಸ್-ಟೇಬಲ್ ಕೊಟ್ಟು ನೋಡಿದರೆ ಸರ್ವರಿನ ಆಫೀಸ್ ಮ್ಯಾಕ್ ಇಲ್ಲ. ಶೋ ಎಆರ್‌ಪಿ ಕೊಟ್ಟರೆ ಅದೇ ಮ್ಯಾಕ್ ಇದೆ. ಕಾಟಾದ ಹುಡುಗನಿಗೆ ಇದನ್ನು ತೋರಿಸಿದೆ. ಮ್ಯಾನೇಜರ್ರ ಕಡೆ ಒಮ್ಮೆ ನೋಡಿದ, ಅಷ್ಟೇ.

ಈಗ ರಿಪೇರಿ. ಇಂಥ ಕಡೆ ಎಲ್ಲರಿಗೂ ಮೊದಲು ನೆನಪಾಗುವ ಕಮಾಂಡ್ ಇದು:

ಇಂಟರ್‌ಫೇಸ್ ಗಿಗಾಬಿಟ್‌ಈಥರ್‌ನೆಟ್ 0/5
ಸ್ವಿಚ್‌ಪೋರ್ಟ್ ಬ್ಲಾಕ್ ಯೂನಿಕಾಸ್ಟ್

ಗೊತ್ತಿಲ್ಲದ ವಿಳಾಸದ ಯೂನಿಕಾಸ್ಟ್ ಫ್ರೇಮುಗಳನ್ನು ಈ ಪೋರ್ಟಿನಿಂದ ಹೊರಗೆ ಬಿಡಬೇಡ ಅಂತ ಅರ್ಥ. ಒಳಬರುವುದನ್ನು ಇದು ಮುಟ್ಟುವುದಿಲ್ಲ. ಗೊತ್ತಿರುವ ವಿಳಾಸಕ್ಕೆ ಹೋಗುವುದನ್ನೂ ಮುಟ್ಟುವುದಿಲ್ಲ, ಬ್ರಾಡ್‌ಕಾಸ್ಟನ್ನೂ ಇಲ್ಲ. ಹಾಕಿದ ಕೂಡಲೇ ಕನ್ವರ್ಟರಿನ ದೀಪ ಶಾಂತವಾಯಿತು. ಪಿಂಗ್ ಪೂರ್ತಿ ಬರತೊಡಗಿತು. ಮ್ಯಾನೇಜರ್ರು ಆಯ್ತಲ್ರಿ, ಊಟಕ್ಕ ಏಳ್ರಿ ಅಂದರು.

ಆದರೆ ಇಷ್ಟಕ್ಕೇ ಬಿಟ್ಟು ಹೋದರೆ ಬೇರೊಂದು ತೊಂದರೆ ಹುಟ್ಟುತ್ತದೆ, ಅದನ್ನು ಅವರ ಎದುರಿಗೇ ತೋರಿಸಬೇಕಿತ್ತು. ಕನ್ವರ್ಟರ್ ಕೂಡ ಮಿತಭಾಷಿ. ಕೇಳಿದರೆ ಮಾತ್ರ ಉತ್ತರ ಕೊಡುತ್ತದೆ. ಲಾರಿ ಇಲ್ಲದೆ ಐದು ನಿಮಿಷ ಕಳೆದರೆ ಅದರ ಮ್ಯಾಕ್ಕೂ ಪಟ್ಟಿಯಿಂದ ಅಳಿಸಿಹೋಗುತ್ತದೆ. ಆಗ ಅದೂ ಗೊತ್ತಿಲ್ಲದ ವಿಳಾಸ. ಮೊದಲಾದರೆ ಫ್ಲಡ್ ಆಗಿಯಾದರೂ ಅದಕ್ಕೆ ಪ್ಯಾಕೆಟ್ ಮುಟ್ಟುತ್ತಿತ್ತು, ಈಗ ಬಾಗಿಲು ಹಾಕಿದ್ದೇವೆ. ಊಟ ಮುಗಿಸಿ ಬಂದು ಮೊದಲ ಲಾರಿ ಹತ್ತಿಸಿದಾಗ ತೂಕದ ಸಾಫ್ಟ್‌ವೇರ್ ಸಂಪರ್ಕ ಇಲ್ಲ ಅಂತ ಕೆಂಪು ಪಟ್ಟಿ ತೋರಿಸಿತು. ಕೆಲವು ಸೆಕೆಂಡ್ ಬಿಟ್ಟು ಮತ್ತೆ ಒತ್ತಿದರೆ ಬಂತು. ಆ ನಡುವೆ ವಿಂಡೋಸ್ ತನ್ನ ಹಳೇ ನಂಬಿಕೆ ಕೈಬಿಟ್ಟು ಬ್ರಾಡ್‌ಕಾಸ್ಟಿನಲ್ಲಿ ಎಆರ್‌ಪಿ ಕೂಗಿತ್ತು, ಕನ್ವರ್ಟರ್ ಓಗೊಟ್ಟಿತ್ತು, ಸ್ವಿಚ್ ಮತ್ತೆ ಕಲಿತಿತ್ತು. ಅಷ್ಟು ಹೊತ್ತು ಕಾಯುವ ತಾಳ್ಮೆ ತೂಕದ ಸಾಫ್ಟ್‌ವೇರಿಗೆ ಇಲ್ಲ.

ಇದಕ್ಕೆ ಮದ್ದು, ಕನ್ವರ್ಟರಿನ ಮ್ಯಾಕ್ಕನ್ನು ಆ ಪೋರ್ಟಿಗೆ ಕಾಯಂ ಆಗಿ ಬರೆದುಬಿಡುವುದು. ಎರಡು ದಾರಿ ಇದೆ. ಒಂದು ಪೋರ್ಟ್-ಸೆಕ್ಯುರಿಟಿ. ಅದರಲ್ಲಿ ಸ್ಟಿಕಿ ಅಂತ ಕೊಟ್ಟರೆ ಕಲಿತ ವಿಳಾಸ ಅಳಿಯುವುದಿಲ್ಲ. ಜತೆಗೆ ಬೇರೆ ಸಾಧನ ಚುಚ್ಚಿದರೆ ತಡೆಯುತ್ತದೆ. ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ಆದರೆ ನಾನು ಅದನ್ನೇ ಹಾಕುತ್ತೇನೆ. ಇಲ್ಲಿ ಬೇಡ ಅನಿಸಿತು. ಸುಗ್ಗಿಯ ರಾತ್ರಿ ಕನ್ವರ್ಟರ್ ಸುಟ್ಟರೆ ಇವರು ಇನ್ನೊಂದು ತಂದು ಚುಚ್ಚುತ್ತಾರೆ. ಅದರ ಮ್ಯಾಕ್ ಬೇರೆ. ಪೋರ್ಟ್ ಎರರ್-ಡಿಸೇಬಲ್ ಆಗಿ, ಅಂದರೆ ತಾನಾಗಿಯೇ ಬಂದ್ ಆಗಿ ಕೂತರೆ ಹುಬ್ಬಳ್ಳಿಗೆ ಫೋನು. ಅದಕ್ಕೇ ಎರಡನೇ ದಾರಿ: ಮ್ಯಾಕ್ ಅಡ್ರೆಸ್-ಟೇಬಲ್ ಸ್ಟ್ಯಾಟಿಕ್ ಅಂತ ಶುರು ಮಾಡಿ, ಕನ್ವರ್ಟರಿನ ಮ್ಯಾಕ್, ವಿಲ್ಯಾನ್ 10, ಪೋರ್ಟ್ 0/5 ಇಷ್ಟನ್ನೂ ಕೊಟ್ಟು ಒಂದು ಸಾಲು. ಹೊಸ ಕನ್ವರ್ಟರ್ ಬಂದರೂ ಕೆಲಸ ನಿಲ್ಲುವುದಿಲ್ಲ, ಆ ಸಾಲಿನಲ್ಲಿ ಹೊಸ ಮ್ಯಾಕ್ ಬರೆಯುವವರೆಗೆ, ಕಾಟಾ ಐದು ನಿಮಿಷ ಖಾಲಿ ಇದ್ದ ಮೇಲಿನ ಮೊದಲ ತೂಕ ಸ್ವಲ್ಪ ತಡವಾಗಬಹುದು ಅಷ್ಟೇ. ಇದನ್ನು ಹಾಕಿದ ಮೇಲೆ ಕಾಟಾವನ್ನು ಬೇಕೆಂದೇ ಖಾಲಿ ಬಿಟ್ಟು ಮತ್ತೆ ಲಾರಿ ಹತ್ತಿಸಿದೆವು. ತೂಕ ತಕ್ಷಣ ಬಂತು.

ಹಾಗಾದರೆ ಆ ಸ್ವಿಚ್‌ಪೋರ್ಟ್ ಬ್ಲಾಕ್ ಯೂನಿಕಾಸ್ಟ್ ಕಮಾಂಡನ್ನು ಎಲ್ಲ ಪೋರ್ಟಿಗೂ ಹಾಕಿಬಿಟ್ಟರೆ ಒಳ್ಳೇದಲ್ವಾ? ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವವರು ಕೇಳಿದ್ದು ಇದನ್ನೇ. ಆಫೀಸಿನ ಸ್ವಿಚ್ಚಿನಲ್ಲಿ ಇಂಟರ್‌ಫೇಸ್ ರೇಂಜ್ ಕೊಟ್ಟರೆ ಒಂದೇ ಏಟಿಗೆ 24 ಪೋರ್ಟೂ ಆಗುತ್ತದೆ. ಆದರೆ ಆ 24ರಲ್ಲಿ ಸರ್ವರಿನ ಆಫೀಸ್ ಕಾರ್ಡೂ ಒಂದು. ಅಲ್ಲಿಯವರೆಗೆ 28 ಕ್ಯಾಮೆರಾದ ರೆಕಾರ್ಡಿಂಗ್ ನಡೆಯುತ್ತಿದ್ದದ್ದೇ ಈ ಫ್ಲಡಿಂಗಿನ ಕೃಪೆಯಿಂದ. ಸ್ವಿಚ್ಚಿಗೆ ಸರ್ವರ್ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೂ ಎಲ್ಲ ಕಡೆ ಎರಚಿದ್ದರಿಂದ ಅದಕ್ಕೂ ಒಂದು ಪಾಲು ಸಿಗುತ್ತಿತ್ತು. ಆ ಪೋರ್ಟನ್ನೂ ಮುಚ್ಚಿದ್ದರೆ ಸಾಹುಕಾರ್ರು ಎದ್ದು ಹೋದ ಐದು ನಿಮಿಷಕ್ಕೆ ರೆಕಾರ್ಡಿಂಗ್ ಕತ್ತಲೆ. ಅವರು ಬಂದು ಕೂತರೆ ಮತ್ತೆ ಬೆಳಕು. ನೋಡಿದಾಗೆಲ್ಲ ಸರಿ ಇರುವ, ನೋಡದಾಗ ಖಾಲಿ ಇರುವ ರೆಕಾರ್ಡಿಂಗ್! ಕಳವಾದ ಮೇಲೇ ಅದು ಗೊತ್ತಾಗುವುದು. ಎರಡು ಸ್ವಿಚ್ ನಡುವಿನ ಅಪ್‌ಲಿಂಕಿಗೂ ಇದನ್ನು ಹಾಕಬಾರದು. ಆಚೆ ಸ್ವಿಚ್ಚಿನಲ್ಲಿರುವ ಮೌನಿ ಸಾಧನಗಳೆಲ್ಲ ಒಂದೊಂದಾಗಿ ಕಾಣೆಯಾಗುತ್ತವೆ.

ಆದ್ದರಿಂದ ಮೂಲಕ್ಕೇ ಕೈ ಹಾಕಿದೆವು. ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ವಿಳಾಸ 10.5 ಇದ್ದದ್ದನ್ನು 20.5 ಮಾಡಿ ಸೇವೆ ಮರುಚಾಲನೆ ಕೊಟ್ಟೆವು. ಈಗ ಕ್ಯಾಮೆರಾ, ಸರ್ವರ್ ಎರಡೂ ವಿಲ್ಯಾನ್ 20ರೊಳಗೇ ಮಾತಾಡಿಕೊಳ್ಳುತ್ತವೆ. ವಿಡಿಯೋ 3750ಯ ರೂಟಿಂಗ್ ಹತ್ತುವುದೇ ಇಲ್ಲ. ಲ್ಯಾಪ್‌ಟಾಪಿನಲ್ಲಿ ವಿಲ್ಯಾನ್ 10 ಹೊಲದಷ್ಟು ಸ್ತಬ್ಧವಾಗಿತ್ತು ಅನ್ನಲಾರೆ, ವಿಂಡೋಸ್ ಕಂಪ್ಯೂಟರ್ ಇರುವ ಕಡೆ ಅದು ಸಾಧ್ಯವಿಲ್ಲ. ಆದರೆ ಕ್ಯಾಮೆರಾ ಪ್ಯಾಕೆಟ್ ಒಂದೂ ಇರಲಿಲ್ಲ.

ಮತ್ತೆ ಯಾರಾದರೂ ಹೀಗೇ ಎರಡು ಕಾರ್ಡಿನ ಯಂತ್ರ ತಂದಿಟ್ಟರೆ? ಅದಕ್ಕೆ 3750ಯ ವಿಲ್ಯಾನ್ 10 ಇಂಟರ್‌ಫೇಸಿನಲ್ಲಿ ಎಆರ್‌ಪಿ ಟೈಮ್‌ಔಟ್ 240 ಅಂತ ಕೊಟ್ಟೆ. 300ಕ್ಕಿಂತ ಕಡಿಮೆ ಇದ್ದರೆ ಮ್ಯಾಕ್ ಅಳಿಯುವ ಮೊದಲೇ ಎಆರ್‌ಪಿ ಮತ್ತೆ ಕೇಳುತ್ತದೆ, ಆ ಉತ್ತರದಿಂದಲೇ ಮ್ಯಾಕ್ ಹೊಸದಾಗುತ್ತದೆ. ಉಲ್ಟಾ ಮಾಡಿ ಮ್ಯಾಕ್ ಅವಧಿಯನ್ನೇ 14400ಕ್ಕೆ ಏರಿಸುವವರೂ ಇದ್ದಾರೆ. ಇಷ್ಟು ಚಿಕ್ಕ ನೆಟ್‌ವರ್ಕಿನಲ್ಲಿ ನನಗೆ ಮೊದಲನೆಯದೇ ಇಷ್ಟ.

ಸ್ಪ್ಯಾನಿಂಗ್ ಟ್ರೀ ಅಂದರೆ ಸ್ವಿಚ್ಚುಗಳ ನಡುವೆ ಪ್ಯಾಕೆಟ್ ಸುತ್ತು ಹೊಡೆಯದಂತೆ ನೋಡಿಕೊಳ್ಳುವ ವ್ಯವಸ್ಥೆ. ಶೋ ಸ್ಪ್ಯಾನಿಂಗ್-ಟ್ರೀ ಡೀಟೇಲ್ ನೋಡಿದಾಗ ಟೋಪಾಲಜಿ (ಜೋಡಣೆ) ಬದಲಾವಣೆಯ ಸಂಖ್ಯೆಯೂ ವಿಪರೀತ ಇತ್ತು. ಕರೆಂಟ್ ಹೋಗಿ ಬಂದಾಗೆಲ್ಲ ಕಂಪ್ಯೂಟರ್ ಪೋರ್ಟುಗಳು ಏಳುತ್ತವೆ, ಬೀಳುತ್ತವೆ. ಪ್ರತಿ ಸಲವೂ ಹಳೇ ಸ್ಪ್ಯಾನಿಂಗ್ ಟ್ರೀ ಮ್ಯಾಕ್ ಪಟ್ಟಿಯ ಆಯಸ್ಸನ್ನು ಸ್ವಲ್ಪ ಹೊತ್ತು 15 ಸೆಕೆಂಡಿಗೆ ಇಳಿಸುತ್ತದೆ. ಅದೂ ಫ್ಲಡಿಂಗಿಗೆ ಆಹ್ವಾನವೇ. ಕಂಪ್ಯೂಟರ್, ಪ್ರಿಂಟರ್, ಕನ್ವರ್ಟರ್ ಪೋರ್ಟಿಗೆಲ್ಲ ಸ್ಪ್ಯಾನಿಂಗ್-ಟ್ರೀ ಪೋರ್ಟ್‌ಫಾಸ್ಟ್ ಹಾಕಿದೆ. ಆಗ ಅವು ಎದ್ದರೂ ಬಿದ್ದರೂ ಬದಲಾವಣೆ ಅಂತ ಲೆಕ್ಕಕ್ಕೆ ಬರುವುದಿಲ್ಲ.

ಮಲ್ಟಿಕಾಸ್ಟ್ ಬಗ್ಗೆ ಎರಡು ಮಾತು. ಸ್ವಿಚ್‌ಪೋರ್ಟ್ ಬ್ಲಾಕ್ ಮಲ್ಟಿಕಾಸ್ಟ್ ಅಂತ ಜೋಡಿ ಕಮಾಂಡ್ ಇದೆ. ಹಾಕಬೇಕು ಅನಿಸುತ್ತದೆ, ಆದರೆ ಈ ಸ್ವಿಚ್ಚುಗಳಲ್ಲಿ ಅದು ಶುದ್ಧ ಲೇಯರ್ 2 (ಐಪಿ ಇಲ್ಲದ, ಬರೀ ಮ್ಯಾಕ್ ಮಟ್ಟದ) ಮಲ್ಟಿಕಾಸ್ಟನ್ನು ಮಾತ್ರ ತಡೆಯುತ್ತದೆ. ಐಪಿ ಹೆಡರ್ ಇರುವ ಮಲ್ಟಿಕಾಸ್ಟ್ ಹಾಗೇ ದಾಟುತ್ತದೆ. ಅಲ್ಲಿ ನನಗೆ ಕಂಡದ್ದು ಕಂಪ್ಯೂಟರುಗಳು ಒಂದನ್ನೊಂದು ಹುಡುಕುವ 239.255.255.250, 224.0.0.251 ಇಂಥವೇ. ಎಲ್ಲಾ ಐಪಿ. ಕಮಾಂಡ್ ಹಾಕಿದರೂ ಹಾಕದಿದ್ದರೂ ಅವು ಬರುತ್ತವೆ, ಪ್ರಮಾಣವೂ ಏನೇನೂ ಇಲ್ಲ. ಬಿಟ್ಟೆ. ಎಲ್ಲ ಬಗೆಯ ಮಲ್ಟಿಕಾಸ್ಟನ್ನೂ ತಡೆಯುವ ಸ್ವಿಚ್ ನಿಮ್ಮಲ್ಲಿದ್ದರೆ ಇನ್ನೂ ಎಚ್ಚರ ಬೇಕು. ಐಪಿಯ ಹೊಸ ಆವೃತ್ತಿ ಐಪಿವಿ6ರಲ್ಲಿ ಪಕ್ಕದ ಯಂತ್ರ ಹುಡುಕುವುದೇ 33:33ರಿಂದ ಶುರುವಾಗುವ ಮಲ್ಟಿಕಾಸ್ಟ್ ಮ್ಯಾಕ್‌ಗಳ ಮೂಲಕ. ಅದು ನಿಂತರೆ ಐಪಿವಿ6 ನಿಂತಂತೆ.

ಹೊರಡುವ ಮೊದಲು ಶೋ ಇಂಟರ್‌ಫೇಸಸ್ ಗಿಗಾಬಿಟ್‌ಈಥರ್‌ನೆಟ್ 0/5 ಸ್ವಿಚ್‌ಪೋರ್ಟ್ ಕೊಟ್ಟು ಕೊನೆಯ ಸಾಲುಗಳನ್ನು ನೋಡಿಕೊಂಡೆ. ಅನ್‌ನೋನ್ ಯೂನಿಕಾಸ್ಟ್ ಬ್ಲಾಕ್ಡ್: ಎನೇಬಲ್ಡ್. ಮಲ್ಟಿಕಾಸ್ಟ್ ಮುಂದೆ ಡಿಸೇಬಲ್ಡ್. ರೈಟ್ ಮೆಮೊರಿ ಕೊಟ್ಟು ಎಲ್ಲ ಉಳಿಸಿದೆ. ಕನ್ವರ್ಟರಿನ ಮ್ಯಾಕ್, ಪೋರ್ಟ್ ಸಂಖ್ಯೆ, ಕನ್ವರ್ಟರ್ ಬದಲಿಸಿದರೆ ಮಾಡಬೇಕಾದ ಒಂದು ಸಾಲು, ಇವನ್ನು ಚೀಟಿಯಲ್ಲಿ ಬರೆದು ಕ್ಯಾಬಿನ್ನಿನ ಸ್ವಿಚ್ ಪೆಟ್ಟಿಗೆಯ ಒಳಬಾಗಿಲಿಗೆ ಅಂಟಿಸಿದೆ.

ಬಾಕಿ ಉಳಿದದ್ದು ಹಿಂದಿನ ಗೋದಾಮಿನ ಎರಡು ಸ್ವಿಚ್ಚು. ಅಗ್ಗದವು, ಲಾಗಿನ್ ಆಗುವ ಸೌಲಭ್ಯವೇ ಇಲ್ಲ. ಅಲ್ಲಿನ ತಾಪಮಾನದ ಮೀಟರುಗಳಿಗೂ ಕಾಟಾದಂಥದೇ 10 ಎಂಬಿಪಿಎಸ್ ಕನ್ವರ್ಟರುಗಳಿವೆ. ಅಂಥ ಸ್ವಿಚ್ಚಿನಲ್ಲಿ ಪೋರ್ಟಿಗೆ ಏನೂ ಮಾಡಲಾಗದು, 3750ಯಿಂದ ಅವುಗಳ ಕಡೆ ಹೋಗುವ ಪೋರ್ಟನ್ನೇ ಬೇರೆ ವಿಲ್ಯಾನಿಗೆ ಹಾಕಬೇಕು. ವಿಲ್ಯಾನ್ 30 ಮಾಡಿ ಇಟ್ಟಿದ್ದೇನೆ. ಮೀಟರುಗಳ ಐಪಿ ಬದಲಿಸೋಕೆ ಅದರ ಕಂಪನಿಯವರ ಪಾಸ್‌ವರ್ಡ್ ಬೇಕಂತೆ, ಮ್ಯಾನೇಜರ್ರು ತರಿಸುತ್ತಿದ್ದಾರೆ.